ಪಿಂಡವೆಂದರೆ ಅನ್ನವೋ, ಮೈಯೋ?

ಬಸವಕಲ್ಯಾಣಕ್ಕೆ ಹೋದವರು ಕೋಟೆ ಹತ್ತುತ್ತಾರೆ, ಅನುಭವ ಮಂಟಪ ನೋಡುತ್ತಾರೆ, ಪರುಷಕಟ್ಟೆಗೆ ಕೈಮುಗಿದು ಬರುತ್ತಾರೆ. ಬಸವಣ್ಣನವರಿಗಿಂತ ಸ್ವಲ್ಪವೇ ಮೊದಲು ಇದೇ ಊರಿನಲ್ಲಿ ಒಬ್ಬ ಪಂಡಿತ ಒಂದೆರಡು ಶಬ್ದಗಳ ಅರ್ಥವನ್ನು ಬಿಡಿಸಿ ಹೇಳಿದ. ಅದರಿಂದಲೇ ದೇಶದ ಬಹುಪಾಲು ಹಿಂದೂ ಕುಟುಂಬಗಳಲ್ಲಿ ಹೊಲ ಯಾರಿಗೆ, ಮನೆ ಯಾರಿಗೆ ಎಂಬುದು ನಿಶ್ಚಯವಾಯಿತು. ಈ ಮಾತನ್ನು ಬಂದವರಿಗೆ ಹೇಳುವವರು ಕಡಿಮೆ.

ಆ ಪಂಡಿತ ವಿಜ್ಞಾನೇಶ್ವರ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನದ ಹೆಸರು ಮಿತಾಕ್ಷರಾ, ಅಂದರೆ ಅಳತೆಯ ಅಕ್ಷರಗಳದ್ದು. ಗ್ರಂಥದ ಕೊನೆಗೆ ಕಲ್ಯಾಣದಂಥ ಪಟ್ಟಣವಿಲ್ಲ, ವಿಕ್ರಮನಂಥ ಅರಸನಿಲ್ಲ ಎಂದು ಹೊಗಳಿ, ವಿಜ್ಞಾನೇಶ್ವರನಂಥ ಪಂಡಿತನೂ ಇಲ್ಲವೆಂಬ ಮಾತು ಸೇರಿದೆ. ಅದು ಹೆಮ್ಮೆಯ ಮಾತೇ ಹೌದು, ಸುಳ್ಳಂತೂ ಅಲ್ಲ.

ಅವನು ಬಿಡಿಸಿದ ಮುಖ್ಯ ಗಂಟು ‘ಸಪಿಂಡ’ ಎಂಬುದು. ಪಿಂಡ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ತಿಥಿಯ ದಿನ ಇಡುವ ಅನ್ನದ ಉಂಡೆ. ವಿಜ್ಞಾನೇಶ್ವರ ಹಾಗೆ ತಿಳಿಯಲಿಲ್ಲ. ಪಿಂಡವೆಂದರೆ ಮೈ, ಒಂದೇ ಶರೀರದ ಅಂಶವನ್ನು ಹಂಚಿಕೊಂಡವರೇ ಸಪಿಂಡರು ಎಂದ. ಮಗನಲ್ಲಿ ತಂದೆಯ ಮೈ ಇದೆ, ತಾಯಿಯ ಮೈಯೂ ಇದೆ. ಗಂಡಹೆಂಡಿರು ಕೂಡಿ ಒಂದು ಶರೀರಕ್ಕೆ ಕಾರಣರಾಗುವುದರಿಂದ ಅವರೂ ಸಪಿಂಡರು. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಅನ್ನದ ಪಿಂಡವನ್ನೇ ಹಿಡಿದ. ಸತ್ತವನಿಗೆ ಪಿಂಡ ಇಟ್ಟು ಉಪಕಾರ ಮಾಡುವವನಿಗೆ ಆಸ್ತಿ ಎಂಬುದು ಅಲ್ಲಿನ ತರ್ಕ. ಶಬ್ದ ಒಂದೇ, ಅರ್ಥ ಎರಡು, ದೇಶದಲ್ಲಿ ಕಾನೂನೂ ಎರಡಾಯಿತು.

ಇನ್ನೊಂದು ಶಬ್ದ ‘ದಾಯ’. ದಾನಕ್ಕೂ ಇದಕ್ಕೂ ಒಂದೇ ಅಕ್ಷರದ ಅಂತರ. ದಾನ ಕೊಡುವವನ ಇಚ್ಛೆ. ದಾಯ ಹಾಗಲ್ಲ, ಒಡೆಯನೊಂದಿಗಿನ ಸಂಬಂಧದಿಂದಲೇ ಬರುವಂಥದ್ದು. ಆದ್ದರಿಂದ ಪಿತ್ರಾರ್ಜಿತದಲ್ಲಿ ಮಗನ ಹಕ್ಕು ತಂದೆ ಸತ್ತ ದಿನ ಹುಟ್ಟುವುದಿಲ್ಲ, ಮಗ ಹುಟ್ಟಿದ ದಿನವೇ ಹುಟ್ಟುತ್ತದೆ ಎಂಬುದು ಮಿತಾಕ್ಷರಾದ ತೀರ್ಮಾನ. ದಾಯ ಪಡೆಯುವವನೇ ದಾಯಾದಿ. ಇಂದು ಆ ಶಬ್ದಕ್ಕೆ ಜಗಳವೇ ಅಂಟಿಕೊಂಡಿದೆ. ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯದ ಸುದ್ದಿಯಲ್ಲೂ ‘ದಾಯಾದಿಗಳು’ ಬರುತ್ತಾರೆ.

ಕಂಪನಿ ಸರ್ಕಾರದ ಕೋರ್ಟುಗಳಿಗೆ ಈ ಗ್ರಂಥಗಳು ಇಂಗ್ಲಿಷಿನಲ್ಲಿ ಬೇಕಾದವು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗವನ್ನೂ ದಾಯಭಾಗವನ್ನೂ ಅನುವಾದಿಸಿ ಕಲ್ಕತ್ತೆಯಲ್ಲಿ ಒಂದೇ ಪುಸ್ತಕವಾಗಿ ಪ್ರಕಟಿಸಿದ. ದೊಡ್ಡ ವಿದ್ವಾಂಸ ನಿಜ. ಆದರೂ ಮಿತಾಕ್ಷರಾದ ‘ಸಪಿಂಡ’ ಬಂದ ಕಡೆ ಶ್ರಾದ್ಧದ ಪಿಂಡದಿಂದ ಸಂಬಂಧಪಟ್ಟವರು ಎಂದು ಬರೆದುಬಿಟ್ಟ. ಕಲ್ಯಾಣದ ಅರ್ಥದ ಮೇಲೆ ಬಂಗಾಳದ ಅರ್ಥ ಕೂತಿತು. ಪಿಂಡ ಇಡುವ ಅಧಿಕಾರವಿಲ್ಲದ ಹೆಂಗಸು ಸಪಿಂಡಳು ಹೇಗಾದಾಳು ಎಂಬ ವಾದಕ್ಕೆ ದಾರಿಯಾಯಿತು. ಮುಂಬಯಿಯಲ್ಲಿ ದಾಯಾದಿಯ ವಿಧವೆಗೆ ಆಸ್ತಿ ಸಲ್ಲುತ್ತದೆಯೇ ಎಂಬ ಲಲ್ಲೂಭಾಯಿ ಕುಟುಂಬದ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಮಿತಾಕ್ಷರಾದಲ್ಲಿ ಸಪಿಂಡತ್ವ ಶರೀರ ಸಂಬಂಧದ್ದು, ಅನ್ನದ್ದಲ್ಲ ಎಂದು 1880ರಲ್ಲಿ ಅಲ್ಲಿ ತೀರ್ಪಾಯಿತು. ತಪ್ಪೊಂದು ತಿದ್ದಿಕೊಳ್ಳಲು ಎಪ್ಪತ್ತು ವರ್ಷ ಹಿಡಿಯಿತು.

‘ಸ್ತ್ರೀಧನ’ಕ್ಕೆ ಆ ಭಾಗ್ಯ ಬೇಗ ಬರಲಿಲ್ಲ. ತವರಿನ ಬಳುವಳಿ, ಮದುವೆಯ ಉಡುಗೊರೆಗಳಿಗಷ್ಟೇ ಸೀಮಿತವಾದ ಪಾರಿಭಾಷಿಕ ಶಬ್ದ ಇದಲ್ಲ, ಹೆಣ್ಣಿನದಾದ ಧನವೆಲ್ಲ ಸ್ತ್ರೀಧನವೇ, ವಾರಸಿನಿಂದ ಬಂದದ್ದೂ ಸೇರಿ ಎಂದು ವಿಜ್ಞಾನೇಶ್ವರ ಸ್ಪಷ್ಟವಾಗಿ ಬರೆದಿದ್ದ. 1867ರಲ್ಲಿ ಪ್ರಿವಿ ಕೌನ್ಸಿಲ್ ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲ ಎಂದಿತು. ಅವಳು ಬದುಕಿರುವಷ್ಟು ದಿನ ಅನುಭವಿಸಬಹುದು, ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಅವಳ ನಂತರ ಅದು ಗಂಡನ ವಾರಸುದಾರರಿಗೆ. ಹನ್ನೆರಡನೆಯ ಶತಮಾನದ ಕಲ್ಯಾಣ ಕೊಟ್ಟದ್ದನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ ಕಿತ್ತುಕೊಂಡಿತು ಎನ್ನದೆ ವಿಧಿಯಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣನ್ನು ತನ್ನ ಆಸ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡಿತು.

ಆದರೆ ಹುಟ್ಟಿನಿಂದ ಬರುವ ಹಕ್ಕನ್ನು ವಿಜ್ಞಾನೇಶ್ವರನೂ ಗಂಡುಮಕ್ಕಳಿಗೇ ಇಟ್ಟಿದ್ದ. ಅದನ್ನು ಮರೆಮಾಚಬೇಕಿಲ್ಲ. ಕರ್ನಾಟಕ 1994ರಲ್ಲಿ, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು.

ಬಸವಕಲ್ಯಾಣ, ಹುಮನಾಬಾದಿನ ಹಳ್ಳಿಗಳಿಂದ ಪಹಣಿ ಹಿಡಿದು ಕಚೇರಿಗೆ ಬರುವ ಅಕ್ಕತಂಗಿಯರಿಗೆ ಇಂದಿಗೂ ಶಬ್ದಗಳೇ ತೊಡಕು. ವಿಭಾಗ ಪತ್ರ ಪಾಲು ಕೊಡುತ್ತದೆ, ಹಕ್ಕು ಬಿಡುಗಡೆ ಪತ್ರ ಪಾಲು ಬಿಡಿಸುತ್ತದೆ. ಎರಡಕ್ಕೂ ಸಹಿ ಹಾಕುವ ಜಾಗ ಒಂದೇ ಥರ ಇರುತ್ತದೆ. ತಂಗಿಯ ಮುಂದೆ ಕಾಗದ ಇಡುವ ಅಣ್ಣತಮ್ಮಂದಿರು ಅದರ ತಲೆಬರಹವನ್ನಾದರೂ ಅವಳಿಗೆ ಗಟ್ಟಿಯಾಗಿ ಓದಿ ಹೇಳಲಿ.