ಹೊಟ್ಟೆಗೆ ಪೆಟ್ಟು: ಮೇಲೆ ಗಾಯ ಇಲ್ಲ ಅಂತ ಸುಮ್ಮನಿರಬೇಡಿ

ಬೈಕ್‌ನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಡಿದರೆ ಮೇಲೆ ತರಚಿದ ಗಾಯವೂ ಕಾಣದೇ ಇರಬಹುದು. ಆದರೆ ಒಳಗೆ ಎಡಗಡೆಯ ಗುಲ್ಮ (ಸ್ಪ್ಲೀನ್) ಅಥವಾ ಬಲಗಡೆಯ ಲಿವರ್ ಸೀಳಿ ರಕ್ತ ತುಂಬಿಕೊಳ್ಳುತ್ತಿರಬಹುದು.

ಲಕ್ಷಣಗಳು: ಹೊಟ್ಟೆ ನೋವು, ಹೊಟ್ಟೆ ಗಟ್ಟಿಯಾಗೋದು, ಎಡ ಭುಜದಲ್ಲಿ ನೋವು, ತಣ್ಣನೆ ಬೆವರು, ತಲೆಸುತ್ತು. ಇವು ಕೆಲವು ಗಂಟೆ, ಕೆಲವೊಮ್ಮೆ ದಿನಗಳ ನಂತರವೂ ಬರಬಹುದು.

ಆಸ್ಪತ್ರೆಯಲ್ಲಿ ಏನು ಮಾಡ್ತಾರೆ?: ಮೊದಲು ಉಸಿರಾಟ, ಬಿಪಿ ನೋಡಿ, ಹೊಟ್ಟೆಯಲ್ಲಿ ರಕ್ತ ಇದೆಯಾ ಅಂತ ಅಲ್ಟ್ರಾಸೌಂಡ್ ಮಾಡ್ತಾರೆ. ಬಿಪಿ ಸರಿಯಿದ್ದರೆ ಸಿಟಿ ಸ್ಕ್ಯಾನ್. ಲಿವರ್, ಗುಲ್ಮದ ಎಷ್ಟೋ ಗಾಯಗಳು ಆಪರೇಷನ್ ಇಲ್ಲದೆ, ನಿಗಾದಲ್ಲೇ ವಾಸಿಯಾಗುತ್ತವೆ. ರಕ್ತ ಕೊಟ್ಟರೂ ಬಿಪಿ ನಿಲ್ಲದಿದ್ದರೆ ತಕ್ಷಣ ಹೊಟ್ಟೆ ತೆರೆಯಬೇಕು.

ಕಾಲೂ ಮುರಿದಿದ್ದರೆ?: ಮೊದಲು ಜೀವಕ್ಕೆ ಅಪಾಯ ತರುವ ರಕ್ತಸ್ರಾವ ನಿಲ್ಲಿಸೋದು, ಮೂಳೆ ಜೋಡಣೆ ಆಮೇಲೆ. ರೋಗಿ ತೀರಾ ಕುಸಿದಿದ್ದರೆ ಒಳಗೆ ಬಟ್ಟೆಯ ಪ್ಯಾಡ್ ಒತ್ತಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳಿಸ್ತಾರೆ. ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಎರಡನೇ ಆಪರೇಷನ್. ಇದು ಅರ್ಧಕ್ಕೆ ಬಿಟ್ಟಿದ್ದಲ್ಲ, ಜೀವ ಉಳಿಸೋ ಕ್ರಮ.

ನೀವು ಮಾಡಬೇಕಾದ್ದು: 108ಕ್ಕೆ ಕರೆ ಮಾಡಿ. ನೀರು, ಕಾಫಿ, ಊಟ ಏನೂ ಕೊಡಬೇಡಿ. ನೋವಿನ ಮಾತ್ರೆ ನುಂಗಿಸಿ ಮನೆಯಲ್ಲಿ ಮಲಗಿಸಬೇಡಿ.