ಒಂದು ಪುಸ್ತಿಕೆ, ಇಬ್ಬರು ಒಡೆಯರು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಮಗನ ಮನೆಗೆ ಹೊರಟ ಹಿರಿಯ ದಂಪತಿಯನ್ನು ನೋಡಿ. ಕೆಲವೊಮ್ಮೆ ಅವರ ಕೈಯಲ್ಲಿ ತಲೆಗೆ ಎರಡರಂತೆ ಪಾಸ್‌ಪೋರ್ಟ್‌ಗಳಿರುತ್ತವೆ. ರಬ್ಬರ್ ಬ್ಯಾಂಡ್ ಹಾಕಿ ಒಂದರ ಮೇಲೊಂದು ಜೋಡಿಸಿದ ಪುಸ್ತಿಕೆಗಳವು. ಮೇಲಿನದು ಹೊಸದು, ಒಳಗಿನ ಹಾಳೆಗಳೆಲ್ಲ ಖಾಲಿ. ಕೆಳಗಿನದು ಹಳೆಯದು, ಅದರ ಮೂಲೆ ಕತ್ತರಿಸಿದೆ, ರದ್ದಾಗಿದೆ ಎಂಬ ಮುದ್ರೆ ಬಿದ್ದಿದೆ. ಆದರೂ ಪ್ರಯಾಣ ನಿಂತಿರುವುದು ಆ ಹಳೆಯದರ ಮೇಲೆಯೇ. ಏಕೆಂದರೆ ಹತ್ತು ವರ್ಷದ ಅಮೆರಿಕದ ವೀಸಾ ಅಂಟಿರುವುದು ಅದರಲ್ಲಿ. ಪುಸ್ತಿಕೆಯ ಆಯುಸ್ಸು ಮುಗಿದಿದೆ, ವೀಸಾದ ಆಯುಸ್ಸು ಮುಗಿದಿಲ್ಲ.

ಇದೊಂದು ವಿಚಿತ್ರ ಏರ್ಪಾಡು. ಭಾರತದ ಪಾಸ್‌ಪೋರ್ಟ್ ಅದನ್ನು ಜೇಬಿನಲ್ಲಿಟ್ಟುಕೊಂಡವರ ಸ್ವತ್ತಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಯಾವತ್ತಿಗೂ ಕೇಂದ್ರ ಸರ್ಕಾರದ ಆಸ್ತಿ. ಆದರೆ ಅದರೊಳಗಿನ ವೀಸಾ ಇನ್ನೊಂದು ಸರ್ಕಾರದ ಮಾತು. ಒಂದೇ ಪುಸ್ತಿಕೆಗೆ ಹೀಗೆ ಇಬ್ಬರು ಒಡೆಯರು. ಒಬ್ಬರು 'ಇವರು ನಮ್ಮವರು' ಎನ್ನುತ್ತಾರೆ. ಇನ್ನೊಬ್ಬರು 'ಇವರು ಇಲ್ಲಿರಬಹುದು' ಎನ್ನುತ್ತಾರೆ. ಎರಡೂ ಮಾತು ಒಟ್ಟಿಗೆ ನಡೆಯುವವರೆಗೆ ತೊಂದರೆಯಿಲ್ಲ. ಪರದೇಶದಲ್ಲಿ ನೆಲೆಸಿದವರ ಪಾಸ್‌ಪೋರ್ಟ್ ಅವಧಿ ಮುಗಿದು, ಅದನ್ನು ಹೊಸದು ಮಾಡಿಕೊಡಲು ತಾಯ್ನಾಡು ಒಪ್ಪದಿದ್ದರೆ ಏನಾದೀತು? ಇಪ್ಪತ್ತನೇ ಶತಮಾನದ ಇತಿಹಾಸ ಈ ಪ್ರಶ್ನೆಗೆ ಬಹಳ ಕಠೋರವಾದ ಉತ್ತರ ಕೊಟ್ಟಿದೆ.

ರಹದಾರಿ ಬೇಡದ ಕಾಲ

ರಹದಾರಿ ಎಂಬ ಪದ ಹಳೆಯದು. ರಾಜರ ಕಾಲದಲ್ಲೂ ದಾರಿ ಬಿಡಿಸಿಕೊಳ್ಳುವ ಪತ್ರಗಳಿದ್ದವು. ಆದರೆ ದೇಶ ಬಿಟ್ಟು ದೇಶಕ್ಕೆ ಹೋಗುವ ಪ್ರತಿಯೊಬ್ಬನೂ ಭಾವಚಿತ್ರವಿರುವ ಪುಸ್ತಿಕೆ ಹೊಂದಿರಲೇಬೇಕು ಎಂಬ ನಿಯಮಕ್ಕೆ ಇನ್ನೂ ನೂರಹತ್ತು ವರ್ಷಗಳಷ್ಟೇ ವಯಸ್ಸು. ಆಸ್ಟ್ರಿಯಾದ ಪ್ರಸಿದ್ಧ ಲೇಖಕ ಸ್ಟೆಫಾನ್ ಜ್ವೈಗ್, 1914ಕ್ಕೆ ಮೊದಲು ತಾವು ಪಾಸ್‌ಪೋರ್ಟನ್ನೇ ನೋಡದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿ ಬಂದುದನ್ನು ಆತ್ಮಕಥನದಲ್ಲಿ ನೆನೆದಿದ್ದಾರೆ.

ಮೊದಲನೇ ಮಹಾಯುದ್ಧ ಇದನ್ನೆಲ್ಲ ಬದಲಿಸಿತು. ಗೂಢಚಾರರ ಭಯ, ಸೈನ್ಯಕ್ಕೆ ಬೇಕಾದ ಯುವಕರು ತಪ್ಪಿಸಿಕೊಂಡಾರೆಂಬ ಆತಂಕ, ಇವುಗಳಿಂದ ಯೂರೋಪಿನ ಸರ್ಕಾರಗಳು ಗಡಿಗಳಲ್ಲಿ ಕಾಗದ ಕೇಳತೊಡಗಿದವು. ಬ್ರಿಟಿಷ್ ಆಡಳಿತದ ಭಾರತದಲ್ಲೂ ಯುದ್ಧಕಾಲದ ನಿಯಮವಾಗಿಯೇ ಪಾಸ್‌ಪೋರ್ಟ್ ಕಡ್ಡಾಯವಾಯಿತು. 1920ರಲ್ಲಿ ಅದಕ್ಕೊಂದು ಕಾಯ್ದೆಯೇ ಬಂತು. ಅದೇ ವರ್ಷ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನ, ಎಲ್ಲ ದೇಶಗಳ ಪಾಸ್‌ಪೋರ್ಟೂ ಒಂದೇ ಮಾದರಿಯಲ್ಲಿ, 32 ಪುಟಗಳ ಪುಸ್ತಿಕೆಯಾಗಿರಲಿ ಎಂದು ಸಲಹೆ ಮಾಡಿತು. ಯುದ್ಧದ ಬಿಸಿ ಆರಿದ ಮೇಲೆ ಈ ಕಟ್ಟುಪಾಡು ಹೋದೀತು ಎಂದು ನಂಬಿದವರು ಆಗ ಬಹಳ ಮಂದಿ. ಅದು ಹೋಗಲೇ ಇಲ್ಲ.

ಮರಳಲು ಮನೆ ಇದೆಯೇ?

ಪಾಸ್‌ಪೋರ್ಟನ್ನು ನಾವು ಹೊರಗೆ ಹೋಗುವ ಕಾಗದವೆಂದು ತಿಳಿಯುತ್ತೇವೆ. ಆತಿಥ್ಯ ನೀಡುವ ದೇಶ ಅದನ್ನು ನೋಡುವ ರೀತಿಯೇ ಬೇರೆ. ಅದರ ದೃಷ್ಟಿಯಲ್ಲಿ ಪಾಸ್‌ಪೋರ್ಟ್ ಎಂದರೆ ಹಿಂದಕ್ಕೆ ಕಳುಹಿಸಲು ಒಂದು ವಿಳಾಸ. ಮನೆಗೆ ಬಂದ ನೆಂಟನಿಗೆ ಮರಳಲು ತನ್ನದೇ ಮನೆಯಿದೆ ಎಂದು ಗೊತ್ತಿದ್ದರೆ ಉಪಚಾರ ಸಲೀಸು. ಇಲ್ಲವೆಂದು ಗೊತ್ತಾದ ದಿನ ಆತಿಥೇಯನ ಮುಖ ಬದಲಾಗುತ್ತದೆ. ವೀಸಾ ಕೊಡುವಾಗ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಲಿ ಎಂದು ಅನೇಕ ದೇಶಗಳು ಪಟ್ಟು ಹಿಡಿಯುವುದರ ಗುಟ್ಟು ಇದೇ.

ಈ ಸತ್ಯ ಮೊದಲು ಬಯಲಾದದ್ದು ರಷ್ಯನ್ನರ ಪಾಲಿಗೆ. 1917ರ ಕ್ರಾಂತಿಯ ನಂತರ ಲಕ್ಷಾಂತರ ಜನ ದೇಶ ತೊರೆದರು. 1921ರ ಡಿಸೆಂಬರ್‌ನಲ್ಲಿ ಸೋವಿಯತ್ ಸರ್ಕಾರ ಹೊರಡಿಸಿದ ಆಜ್ಞೆಯೊಂದು, ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಗಡುವಿನೊಳಗೆ ಸೋವಿಯತ್ ಪಾಸ್‌ಪೋರ್ಟ್ ಪಡೆಯದವರ, ಮತ್ತು ಕ್ರಾಂತಿಯ ನಂತರ ಅನುಮತಿಯಿಲ್ಲದೆ ದೇಶ ಬಿಟ್ಟವರ ಪೌರತ್ವವನ್ನೇ ಕಿತ್ತುಕೊಂಡಿತು. ಅವರ ಕೈಯಲ್ಲಿದ್ದ ತ್ಸಾರ್ ಕಾಲದ ಪಾಸ್‌ಪೋರ್ಟ್‌ಗಳನ್ನು ಹೊಸದು ಮಾಡಿಕೊಡುವ ಸರ್ಕಾರವೇ ಭೂಮಿಯ ಮೇಲಿರಲಿಲ್ಲ.

ಆಗ ಮುಂದೆ ಬಂದವರು ನಾರ್ವೆಯ ಧ್ರುವಾನ್ವೇಷಕ ಫ್ರಿಡ್ಟ್ಯೋಫ್ ನಾನ್ಸೆನ್. ರಾಷ್ಟ್ರಸಂಘದ ನಿರಾಶ್ರಿತರ ಹೈಕಮಿಷನರ್ ಆಗಿದ್ದ ಅವರ ಒತ್ತಾಸೆಯಿಂದ 1922ರಲ್ಲಿ ದೇಶವಿಲ್ಲದವರಿಗೊಂದು ಗುರುತುಪತ್ರ ಹುಟ್ಟಿತು. ಜನ ಅದನ್ನು 'ನಾನ್ಸೆನ್ ಪಾಸ್‌ಪೋರ್ಟ್' ಎಂದು ಕರೆದರು. ಐವತ್ತಕ್ಕೂ ಹೆಚ್ಚು ಸರ್ಕಾರಗಳು ಅದನ್ನು ಮಾನ್ಯ ಮಾಡಿದವು. ಚಿತ್ರಕಾರ ಮಾರ್ಕ್ ಶಾಗಾಲ್, ಸಂಗೀತ ರಚನೆಕಾರ ಇಗೋರ್ ಸ್ಟ್ರಾವಿನ್‌ಸ್ಕಿ, ಕಾದಂಬರಿಕಾರ ವ್ಲಾದಿಮಿರ್ ನಬಕೋವ್ ಮುಂತಾದವರು ಅದನ್ನೇ ಹಿಡಿದು ಓಡಾಡಿದರು. ಆದರೂ ಆ ಪತ್ರಕ್ಕೊಂದು ಕೊರತೆಯಿತ್ತು. ಆರಂಭದಲ್ಲಿ, ಅದನ್ನು ಕೊಟ್ಟ ದೇಶಕ್ಕೇ ಮರಳುವ ಹಕ್ಕು ಕೂಡ ಅದರಲ್ಲಿರಲಿಲ್ಲ. ಹಿಂದಕ್ಕೆ ಕರೆದುಕೊಳ್ಳುತ್ತೇವೆ ಎಂಬ ಮಾತು ಇಲ್ಲದ ಕಾಗದವನ್ನು ಗಡಿಯ ಅಧಿಕಾರಿಗಳು ಅನುಮಾನದಿಂದಲೇ ನೋಡುತ್ತಿದ್ದರು.

ಒಂದು ಮುದ್ರೆಗಾಗಿ

ಇದಕ್ಕಿಂತ ಘೋರವಾದ ಅಧ್ಯಾಯ 1938ರದು. ಜರ್ಮನಿಯಲ್ಲಿ ಆಗ ಪೋಲೆಂಡಿನ ಪಾಸ್‌ಪೋರ್ಟ್ ಹೊಂದಿದ ಸಾವಿರಾರು ಯೆಹೂದಿ ಕುಟುಂಬಗಳಿದ್ದವು. ಹಲವರು ಅಲ್ಲಿ ದಶಕಗಳಿಂದ ನೆಲೆಸಿದ್ದರು; ಮಕ್ಕಳು ಅಲ್ಲಿಯೇ ಹುಟ್ಟಿ, ಜರ್ಮನ್ ಶಾಲೆಗಳಲ್ಲಿ ಓದಿದ್ದರು. ಆ ವರ್ಷದ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅಲ್ಲಿದ್ದ ತನ್ನ ಯೆಹೂದಿ ಪ್ರಜೆಗಳೆಲ್ಲ ಮರಳಿ ಬಂದಾರೆಂದು ಪೋಲೆಂಡ್ ಸರ್ಕಾರ ಬೆದರಿತು. ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರ ಪೌರತ್ವ ಕಳೆಯಲು ಅವಕಾಶ ನೀಡುವ ಕಾನೂನನ್ನು ಮಾರ್ಚ್ 31ರಂದು ಮಾಡಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಆದೇಶ ಬಂತು: ವಿದೇಶದಲ್ಲಿ ನೀಡಿದ ಪಾಸ್‌ಪೋರ್ಟ್‌ಗಳಿಗೆ ಕಾನ್ಸಲ್ ಕಚೇರಿಯ ತಪಾಸಣೆ ಮುದ್ರೆ ಬೀಳಬೇಕು, ತಿಂಗಳ ಕೊನೆಯ ನಂತರ ಮುದ್ರೆಯಿಲ್ಲದ ಪಾಸ್‌ಪೋರ್ಟಿನವರಿಗೆ ಪೋಲೆಂಡಿನೊಳಗೆ ಪ್ರವೇಶವಿಲ್ಲ.

ಜರ್ಮನಿ ಲೆಕ್ಕ ಹಾಕಿತು. ಗಡುವು ಮುಗಿದರೆ ಈ ಜನರನ್ನು ಹಿಂದಕ್ಕೆ ಕಳುಹಿಸಲು ವಿಳಾಸವೇ ಇರುವುದಿಲ್ಲ. ಆದ್ದರಿಂದ ಗಡುವಿಗೆ ಮೊದಲೇ, ಅಕ್ಟೋಬರ್ ಕೊನೆಯ ದಿನಗಳಲ್ಲಿ, ಸುಮಾರು 17,000 ಜನರನ್ನು ಪೊಲೀಸರು ಮನೆಗಳಿಂದ ಎಬ್ಬಿಸಿ ರೈಲುಗಳಿಗೆ ತುಂಬಿ ಗಡಿಗೆ ಅಟ್ಟಿದರು. ಅವರ ವಾಸದ ಪರವಾನಗಿಗಳು ಒಂದೇ ಏಟಿಗೆ ಬೆಲೆ ಕಳೆದುಕೊಂಡವು. ಪೋಲೆಂಡ್ ಅನೇಕರನ್ನು ಒಳಗೆ ಬಿಡಲಿಲ್ಲ. ಜ್ಬೊನ್ಶಿನ್ ಎಂಬ ಗಡಿ ಊರಿನ ಲಾಯಗಳಲ್ಲಿ, ಬಯಲಿನಲ್ಲಿ, ಸಾವಿರಾರು ಜನ ಚಳಿಯಲ್ಲಿ ದಿನ ನೂಕಿದರು. ಮುಂದೆ ಜರ್ಮನ್ ಸಾಹಿತ್ಯದ ದೊಡ್ಡ ವಿಮರ್ಶಕರೆನಿಸಿದ ಮಾರ್ಸೆಲ್ ರೈಶ್-ರಾನಿಟ್ಸ್ಕಿ ಆಗ ಬರ್ಲಿನ್ನಿನಿಂದ ಹೊರದೂಡಲ್ಪಟ್ಟ 18ರ ಹುಡುಗ.

ಹಾಗೆ ಅಟ್ಟಲ್ಪಟ್ಟವರಲ್ಲಿ ಹ್ಯಾನೋವರ್ ನಗರದ ಗ್ರಿನ್ಸ್‌ಪಾನ್ ಕುಟುಂಬವೂ ಇತ್ತು. ಅವರ ಮಗ ಹರ್ಷೆಲ್ ಎಂಬ 17ರ ಹುಡುಗ ಆಗ ಪ್ಯಾರಿಸ್ಸಿನ ಚಿಕ್ಕಪ್ಪನ ಮನೆಯಲ್ಲಿದ್ದ. ಅವನ ಕಾಗದಪತ್ರಗಳ ಕಥೆಯೇ ಈ ದುರಂತದ ಸಾರ. ಜರ್ಮನಿಗೆ ಮರಳುವ ಪರವಾನಗಿಯ ಅವಧಿ 1937ರಲ್ಲಿ ಮುಗಿದಿತ್ತು. ಪೋಲೆಂಡಿನ ಪಾಸ್‌ಪೋರ್ಟ್ 1938ರ ಆರಂಭದಲ್ಲಿ ಮುಗಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫ್ರಾನ್ಸ್ ದೇಶ ಬಿಡುವಂತೆ ಆದೇಶಿಸಿತು. ಹುಟ್ಟಿದ ದೇಶ, ಪೌರತ್ವದ ದೇಶ, ಇದ್ದ ದೇಶ, ಮೂರಕ್ಕೂ ಅವನು ಬೇಡವಾಗಿದ್ದ. ತಂದೆತಾಯಿಗಳ ಪಾಡನ್ನು ತಿಳಿಸಿದ ಅಕ್ಕನ ಕಾರ್ಡು ಕೈಸೇರಿದ ಕೆಲವೇ ದಿನಗಳಲ್ಲಿ, ನವೆಂಬರ್ 7ರಂದು, ಆತ ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಗೆ ಹೋಗಿ ಅಧಿಕಾರಿಯೊಬ್ಬನಿಗೆ ಗುಂಡು ಹಾರಿಸಿದ. ಎರಡು ದಿನದ ಮೇಲೆ ಆ ಅಧಿಕಾರಿ ಸತ್ತ. ನಾಜಿಗಳು ಅದನ್ನೇ ನೆಪ ಮಾಡಿಕೊಂಡು ಜರ್ಮನಿಯುದ್ದಕ್ಕೂ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೂ ಅಂಗಡಿಗಳಿಗೂ ಬೆಂಕಿ ಇಟ್ಟರು.

ಪಾಸ್‌ಪೋರ್ಟ್ ಇಲ್ಲದೆ ಭಾರತ ನೋಡಿದ ಜ್ವೈಗ್ ಕೂಡ ಅದೇ ವರ್ಷ ಲಂಡನ್ನಿನಲ್ಲಿ ಪೇಚಿಗೆ ಸಿಕ್ಕಿದ್ದರು. ಆಸ್ಟ್ರಿಯಾವೇ ಇಲ್ಲವಾದ ಮೇಲೆ ಅವರ ಪಾಸ್‌ಪೋರ್ಟ್ ಬರಿಯ ಕಾಗದವಾಯಿತು. ಜಗತ್ತಿಗೆಲ್ಲ ಗೊತ್ತಿದ್ದ ಲೇಖಕ, ದೇಶವಿಲ್ಲದವನ ಪತ್ರಕ್ಕಾಗಿ ಬ್ರಿಟಿಷ್ ಅಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು.

ದಯೆಯಿಂದ ಹಕ್ಕಿನ ಕಡೆಗೆ

ಇಷ್ಟೆಲ್ಲ ಆದ ಮೇಲೆ ಜಗತ್ತು ಕೆಲವು ಪಾಠ ಕಲಿಯಿತು. 1948ರ ಮಾನವ ಹಕ್ಕುಗಳ ಘೋಷಣೆ, ಯಾವುದೇ ದೇಶವನ್ನು ಬಿಡುವ ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎಂದು ಸಾರಿತು. 1951ರ ನಿರಾಶ್ರಿತರ ಒಪ್ಪಂದ, ಆಶ್ರಯ ನೀಡಿದ ದೇಶವೇ ನಿರಾಶ್ರಿತರಿಗೆ ಪ್ರಯಾಣಪತ್ರ ಕೊಡಬೇಕೆಂದಿತು. ವಿದೇಶದಲ್ಲಿರುವ ತನ್ನ ಪ್ರಜೆಗಳಿಗೆ ಪಾಸ್‌ಪೋರ್ಟ್ ನೀಡುವುದು ಕಾನ್ಸಲ್ ಕಚೇರಿಗಳ ಕೆಲಸಗಳಲ್ಲೊಂದು ಎಂದು 1963ರ ವಿಯೆನ್ನಾ ಒಪ್ಪಂದ ಬರೆದಿಟ್ಟಿತು.

ಭಾರತದಲ್ಲಿಯೂ ಸ್ವಾತಂತ್ರ್ಯದ ನಂತರ ಎರಡು ದಶಕ ಪಾಸ್‌ಪೋರ್ಟ್ ಎನ್ನುವುದು ಸರ್ಕಾರದ ಮರ್ಜಿಯಾಗಿತ್ತು. ಅದನ್ನು ಪ್ರಶ್ನಿಸಿದವರು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ. ತಮ್ಮ ಪಾಸ್‌ಪೋರ್ಟ್‌ಗಳನ್ನು ಹಿಂದಿರುಗಿಸಬೇಕೆಂಬ ಆದೇಶದ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶ ಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ನ್ಯಾಯಾಲಯ 1967ರ ಏಪ್ರಿಲ್‌ನಲ್ಲಿ ಬಹುಮತದಿಂದ ಹೇಳಿತು. ಕೆಲವೇ ತಿಂಗಳುಗಳಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಮೇನಕಾ ಗಾಂಧಿಯವರ ಪ್ರಕರಣದ 1978ರ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಸ್‌ಪೋರ್ಟ್ ಮುಟ್ಟುಗೋಲು ಹಾಕುವಾಗಲೂ ನ್ಯಾಯಯುತವಾದ ಕ್ರಮ ಇರಬೇಕೆಂದಿತು.

ಪುಸ್ತಿಕೆಯಿಂದ ಹೊರಬಿದ್ದ ವೀಸಾ

ಇಂದು ಭಾರತೀಯರು ನವೀಕರಣವೆಂದು ಕರೆಯುವುದು ವಾಸ್ತವದಲ್ಲಿ ಮರುನೀಡಿಕೆ. ಹತ್ತು ವರ್ಷ ಮುಗಿದ ಪುಸ್ತಿಕೆಗೆ ಅವಧಿ ಸೇರಿಸುವುದಿಲ್ಲ. ಹೊಸ ಸಂಖ್ಯೆಯ ಹೊಸ ಪುಸ್ತಿಕೆಯೇ ಬರುತ್ತದೆ. ಹಳೆಯದನ್ನು ರದ್ದು ಮಾಡಿ ಹಿಂದಿರುಗಿಸುತ್ತಾರೆ. ಅದರೊಳಗಿನ ಅಮೆರಿಕದ ವೀಸಾ ಹಾಳಾಗದೆ ಉಳಿದಿದ್ದರೆ, ಎರಡೂ ಪುಸ್ತಿಕೆ ತೋರಿಸಿ ಪ್ರಯಾಣ ಮಾಡಬಹುದು. ಇತರ ದೇಶಗಳ ಕ್ರಮ ಬೇರೆ ಬೇರೆ.

ಈಚಿನ ವರ್ಷಗಳಲ್ಲಿ ವೀಸಾ ಪುಸ್ತಿಕೆಯನ್ನು ಬಿಟ್ಟು ಕಂಪ್ಯೂಟರಿಗೆ ಹೋಗುತ್ತಿದೆ. ಕರಾವಳಿಯ ಎಷ್ಟೋ ಮನೆಗಳಿಗೆ ಪರಿಚಿತವಾಗಿದ್ದ ಅರಬ್ ಸಂಯುಕ್ತ ಸಂಸ್ಥಾನದ ವಾಸದ ಚೀಟಿಯನ್ನು ಪಾಸ್‌ಪೋರ್ಟಿಗೆ ಅಂಟಿಸುವುದು 2022ರಲ್ಲಿ ನಿಂತಿತು. ಗುರುತಿನ ಚೀಟಿಯೇ ಆ ಕೆಲಸ ಮಾಡುತ್ತದೆ. ಬ್ರಿಟನ್ನಿನ ವಾಸದ ಕಾರ್ಡುಗಳ ಬದಲು ವಿದ್ಯುನ್ಮಾನ ವೀಸಾ ಬಂದಿದೆ. ಆದರೂ ಗಂಟು ಬಿಚ್ಚಿಲ್ಲ. ಅಲ್ಲಿನವರು ಹೊಸ ಪಾಸ್‌ಪೋರ್ಟ್ ಪಡೆದಾಗ ಅದರ ಸಂಖ್ಯೆಯನ್ನು ತಮ್ಮ ಖಾತೆಗೆ ಸೇರಿಸಬೇಕು. ಮರೆತರೆ, ಪರವಾನಗಿ ಇದ್ದೂ ವಿಮಾನ ಹತ್ತುವಾಗ ತೊಡಕಾಗಬಹುದು.

ಹಳೆಯ ಅಸ್ತ್ರವೂ ಮಾಯವಾಗಿಲ್ಲ. 2020ರ ಪ್ರತಿಭಟನೆಗಳ ನಂತರ ಬೆಲಾರುಸ್‌ನಿಂದ ಅಸಂಖ್ಯ ಜನ ಹೊರಬಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷ ಲುಕಶೆಂಕೊ ಹೊರಡಿಸಿದ ಆದೇಶ, ವಿದೇಶದಲ್ಲಿರುವ ರಾಯಭಾರ ಕಚೇರಿಗಳು ಪ್ರಜೆಗಳ ಪಾಸ್‌ಪೋರ್ಟ್ ಹೊಸದು ಮಾಡುವುದನ್ನು ನಿಲ್ಲಿಸಿತು. ಬೇಕಿದ್ದರೆ ಊರಿಗೆ ಬಂದು ಮಾಡಿಸಿಕೊಳ್ಳಲಿ ಎಂಬುದು ಅದರ ಅರ್ಥ. ಬಂದರೆ ಬಂಧನದ ಭಯ, ಬಾರದಿದ್ದರೆ ಕಾಗದವಿಲ್ಲದ ಬದುಕು. ಅವರಲ್ಲಿ ಹಲವರಿಗೆ ಪರದೇಶಿಯರ ಪ್ರಯಾಣಪತ್ರ ಕೊಟ್ಟು ನೆರವಾದ ದೇಶಗಳಲ್ಲಿ ಪೋಲೆಂಡೂ ಒಂದು. 1938ರಲ್ಲಿ ಒಂದು ಮುದ್ರೆಯ ನೆಪದಲ್ಲಿ ತನ್ನ ಪ್ರಜೆಗಳನ್ನೇ ಗಡಿಯಲ್ಲಿ ನಿಲ್ಲಿಸಿದ ದೇಶ ಅದು.

ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯ ಹೆಸರಿನಲ್ಲಿ ಒಂದು ಕೋರಿಕೆಯಿದೆ. ಇದನ್ನು ಹಿಡಿದವರನ್ನು ಅಡ್ಡಿಯಿಲ್ಲದೆ ಹೋಗಗೊಡಿ, ನೆರವು ನೀಡಿ ಎಂದು. ಆ ಕೋರಿಕೆಯ ಹಿಂದೆ ಬರೆಯದ ಇನ್ನೊಂದು ಮಾತಿದೆ: ಇವರು ಮರಳಿದರೆ ನಾವು ಬಾಗಿಲು ತೆರೆಯುತ್ತೇವೆ. ಹತ್ತು ವರ್ಷಕ್ಕೊಮ್ಮೆ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಡುವವರಿಗೆ ಅದು ಬೇಸರದ ಕೆಲಸವಾಗಿ ಕಾಣಬಹುದು. ನಡೆಯುವುದು ಮಾತ್ರ ಆ ಮಾತಿನ ನವೀಕರಣ. ರಬ್ಬರ್ ಬ್ಯಾಂಡಿನಲ್ಲಿ ಬಂಧಿಸಿದ ಎರಡು ಪುಸ್ತಿಕೆಗಳನ್ನು ಕಿಟಕಿಯೊಳಗೆ ಚಾಚಿದ ಹಿರಿಯ ದಂಪತಿ ನಿಶ್ಚಿಂತೆಯಿಂದ ನಿಂತಿರುವುದು ಅದರ ಬಲದಿಂದಲೇ.