ಮುಚ್ಚಿದ ಮನೆ, ಬತ್ತದ ಪ್ರಾರ್ಥನೆ



ಜುಲೈ 16 ಕಾರ್ಮೆಲ್ ಮಾತೆಯ ಹಬ್ಬ. 1868ರ ಇದೇ ದಿನ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಮದರ್ ವೆರೋನಿಕಾ ಅವರು ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಅವರು 1850ರಲ್ಲಿ ಕಥೋಲಿಕರಾದವರು. ಕಲ್ಲಿಕೋಟೆಯಲ್ಲಿ ಸೇವೆ ಮಾಡಿದ್ದವರು. ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಲು ಧರ್ಮಭಗಿನಿಯರನ್ನು ತರಬೇತುಗೊಳಿಸುವುದೇ ಬಯೋನಿನ ಮನೆಯ ಉದ್ದೇಶ.

1870ರ ನವೆಂಬರ್ 19ರಂದು ಅಲ್ಲಿಂದ ಬಂದ ಮೂವರು ಭಗಿನಿಯರು ಮಂಗಳೂರಿನಲ್ಲಿ ಕಾಲಿಟ್ಟರು. ಮದರ್ ಅವರೊಡನೆ ಬರಲಿಲ್ಲ. ಭಗಿನಿಯರನ್ನು ಕರೆಸಿಕೊಂಡಿದ್ದ ಬಿಷಪ್ ಮರಿ ಎಫ್ರೆಮ್ 1873ರಲ್ಲಿ ದೈವಾಧೀನರಾದರು. ಬಯೋನಿನ ತರಬೇತಿ ಮನೆಯೂ ಮುಚ್ಚಿತು. ಮದರ್ ವೆರೋನಿಕಾ ಪೋ ಪಟ್ಟಣದ ಕಾರ್ಮೆಲ್ ಮಠದ ಮೌನಕ್ಕೆ ಮರಳಿದರು.

ಮನುಷ್ಯರ ಲೆಕ್ಕದಲ್ಲಿ ಇದು ಸೋಲು. ಅವರ ಕೈಯಲ್ಲಿ ಉಳಿದದ್ದು ಪ್ರಾರ್ಥನೆಯೊಂದೇ. 1906ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆದರೆ ಮಂಗಳೂರಿನಲ್ಲಿ ಅವರ ಸಭೆ ಬೇರೂರಿತ್ತು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು, 1943ರಲ್ಲಿ ಸಂತ ಆ್ಯನ್ಸ್ ಶಿಕ್ಷಕರ ತರಬೇತಿ ಕಾಲೇಜು ತಲೆಯೆತ್ತಿದವು. ಎರಡನ್ನೂ ಮದರ್ ಕಣ್ಣಾರೆ ಕಾಣಲಿಲ್ಲ.

ಇಟಗಿ ಕಡೆಯ ಹೊಲದಲ್ಲಿ ಜೋಳ ಬಿತ್ತಿದ ರೈತ ದಿನವೂ ಮಣ್ಣು ಕೆದಕಿ ನೋಡುವುದಿಲ್ಲ, ಕಾಯುತ್ತಾನೆ. ಮಕ್ಕಳಿಗೆ ಕಲಿಸುವ ಶಿಕ್ಷಕರೂ ಸಾಕುವ ತಂದೆತಾಯಿಯರೂ ಹಾಗೆಯೇ ಕಾಯಬೇಕಾದವರು. ಕೆಲಸ ಕೈಬಿಟ್ಟು ಪ್ರಾರ್ಥಿಸುವುದು ನಂಬಿಕೆಯಲ್ಲ. ಮಾಡುವುದನ್ನೆಲ್ಲ ಮಾಡಿ, ಫಲವನ್ನು ದೇವರಿಗೆ ಒಪ್ಪಿಸುವುದು ನಂಬಿಕೆ. ಈ ಹಬ್ಬದಂದು, ನಮ್ಮ ಪಾಲಿಗೆ ಮುಚ್ಚಿದಂತೆ ಕಾಣುವ ಬಾಗಿಲೊಂದನ್ನು ನೆನೆದು, ಕಾರ್ಮೆಲ್ ಮಾತೆಯ ಮೂಲಕ ಪ್ರಭುವಿಗೆ ಒಪ್ಪಿಸೋಣ.